ಒಂದು ಹಿಡಿ ಹೆಚ್ಚಿನ ಅಕ್ಕಿ

ಸೋಮವಾರ ಮಗಳನ್ನು ಕುರುಗೋಡಿಗೆ ಕರೆದೊಯ್ದು ತಾಯತ ಕಟ್ಟಿಸಬೇಕೆಂದು ದೇವರ ಮುಂದೆ ದೀಪ ಹಚ್ಚಿ ಗಟ್ಟಿ ಮಾಡಿಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಆರು ತಿಂಗಳಿಂದ ಅವಳು ಬೆಲ್ ಆಗುವ ಮೊದಲೇ ಎದ್ದು ಹೋಗಿ ಬಾಗಿಲು ತೆಗೆದು ನಿಲ್ಲುತ್ತಿದ್ದಳು. ಆಮೇಲೆ ಬ್ರೂಸ್‌ಪೇಟೆಯ ನಮ್ಮ ಓಣಿಯ ತಿರುವಿನಲ್ಲಿ ಬರುವವರು ಕಾಣುತ್ತಿದ್ದರು.

ಆ ಸೋಮವಾರದ ಹಿಂದಿನ ದಿನ, ಭಾನುವಾರ. ಅವಳ ಕಾಲೇಜಿನ ಮೂವರು ಗೆಳತಿಯರು ಬಂದು ಊಟದ ಮೇಜಿನ ಮೇಲೆ ಆಟ ಹೂಡಿದರು. ಒಬ್ಬಳು ಕಥೆ ಹೇಳುತ್ತಾಳೆ, ಉಳಿದವರು ಕಥೆಯೊಳಗಿನ ಒಬ್ಬೊಬ್ಬರಾಗುತ್ತಾರೆ, ಗೆದ್ದರೋ ಸೋತರೋ ದಾಳ ಹೇಳುತ್ತದೆ. ಮಗಳು ಎರಡು ವರ್ಷದಿಂದ ಆಡುತ್ತಾ ಬಂದ ಪಾತ್ರ, ಒಬ್ಬ ಹೆಂಗಸು, ಅಂದು ಕೋಟೆಯ ಕೋಣೆಯೊಂದರಲ್ಲಿ ಸಿಕ್ಕಿಬಿದ್ದಿದ್ದಳು.

"ಗ್ವಾಡಿಗೆ ದಿಗ್ಬಂಧನ ಹಾಕ್ಯಾರ. ಮಾಟ ಮಂತ್ರ ಏನೂ ನಡ್ಯಂಗಿಲ್ಲ. ನಿನ್ನಾಕಿ ಸತ್ಲು," ಅಂದಳು ಕಥೆ ಹೇಳುವವಳು.

"ನನ್ನಾಕೀದು ಮಾಟ ಅಲ್ಲಲೇ! ಮನಸಿನ ಶಕ್ತಿ," ಅಂದಳು ಮಗಳು.

"ಎರಡೂ ಒಂದಲೇ. ನಿನಗೊಬ್ಬಾಕಿಗೆ ಬ್ಯಾರೆ ರೂಲ್ ಮಾಡ್ಬೇಕೇನು, ಮಹಾರಾಣಿ?"

ಇಬ್ಬರು ಅತ್ತ, ಇಬ್ಬರು ಇತ್ತ. ಕೊನೆಗೆ ಅಡುಗೆಮನೆಯ ಕಡೆ ಕೂಗು ಬಂತು: "ಆಂಟೀ, ನೀವ ಹೇಳ್ರಿ!"

ಅಕ್ಕಿ ತೊಳೆಯುತ್ತಿದ್ದ ನನ್ನ ಕೈ ನಿಂತಿತು. ಸಿರುಗುಪ್ಪದ ನಮ್ಮ ಅಜ್ಜಿ ನೆನಪಾದಳು. ಅವಳು ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿದ ದಿನ ಉಣ್ಣುವ ಹೊತ್ತಿಗೆ ಯಾರಾದರೂ ಬರುತ್ತಿದ್ದರು. ಒಮ್ಮೆ ಹಿಡಿ ತುಂಬಿಕೊಂಡವಳು ತಿರುಗಿ ಡಬ್ಬಿಗೇ ಸುರಿದು, "ಇವತ್ತ ಬರೋರು ಉಣ್ಣಂಗಿಲ್ಲ" ಅಂದಳು. ತೆಕ್ಕಲಕೋಟೆಯಿಂದ ಬಂದವರು ಅವಳ ತಮ್ಮ ತೀರಿಹೋದ ಸುದ್ದಿ ಹೇಳಿ, ನೀರೂ ಮುಟ್ಟದೆ ಹೋದರು. ಮನೆಯವರು ಹೆದರಿ ಅವಳನ್ನು ಕುರುಗೋಡಿನ ಮಂತ್ರಗಾರನ ಹತ್ತಿರ ಒಯ್ದರು. ನಿಂಬೆಹಣ್ಣು, ಬೂದಿ, ಕುಂಕುಮ, ಎರಡು ತಾಸು ಮಂತ್ರ, ತೋಳಿಗೊಂದು ತಾಮ್ರದ ತಾಯತ. ಆಮೇಲೆ ಅಜ್ಜಿ ಬಾಯಿಬಿಟ್ಟು ಏನೂ ಹೇಳಲಿಲ್ಲ. ಕೈ ಮಾತ್ರ ಹೆಚ್ಚಿನ ಹಿಡಿ ಹಾಕುತ್ತಲೇ ಇತ್ತು. ನಾನು ಕಂಡೆ. ನಾನು ಕಂಡದ್ದನ್ನು ಅವಳೂ ಕಂಡು, ಸೆರಗಿನಿಂದ ಡಬ್ಬಿ ಮುಚ್ಚಿದಳು.

ಮಂತ್ರಗಾರನಿಗೆ ಅಷ್ಟೊಂದು ಸಾಮಾನು ಬೇಕಾಯಿತು. ಅಜ್ಜಿಗೆ ಏನೂ ಬೇಕಿರಲಿಲ್ಲ.

"ಮಂತ್ರಕ್ಕ ಕಟ್ಟು ಹಾಕಬಹುದವ್ವ," ಅಂದೆ. "ಮನಸಿನ ಶಕ್ತಿಗೆ ಆಗಂಗಿಲ್ಲ. ಬಾಯಷ್ಟ ಕಟ್ಟತೈತಿ."

"ಆಂಟಿ ಮಗಳ ಪಾರ್ಟಿ!" ಎಂದು ನಕ್ಕರು. ದಾಳ ಉರುಳಿತು. ಮಗಳ ಹೆಂಗಸು ಉಳಿದಳು.

ಹೇಳಿ ಅಕ್ಕಿಯ ಕಡೆ ತಿರುಗಿದೆ. ಹಾಗಾದರೆ ನಾಳೆ ಮಗಳಿಗೆ ನಾನು ಕಟ್ಟಿಸಲು ಹೊರಟದ್ದು ಏನನ್ನು?

ಮಧ್ಯಾಹ್ನ ಮಗಳು ತಟ್ಟೆ ಹಾಕಿದಳು. ನಾವಿದ್ದದ್ದು ಐವರು, ತಟ್ಟೆ ಆರು. ಎಣಿಸಿ ನೋಡಿ ಅವಳ ಮುಖ ಬಿಳಿಚಿತು. "ಯಾಕಿಟ್ನೋ ಗೊತ್ತಿಲ್ಲವ್ವ."

ಬೆಲ್ ಆಯಿತು. ಅವಳು ಏಳಲಿಲ್ಲ, ನಾನೇ ಹೋದೆ. ಕೊಳಗಲ್ಲಿನ ನಮ್ಮ ಅಕ್ಕ ಬಾಗಿಲಲ್ಲಿದ್ದಳು.

"ಉಣ್ತೀಯೇನಕ್ಕ?" ಅಂದುಬಿಟ್ಟೆ.

"ಒಳಗ ಬಾ ಅನ್ನಾಕೂ ಪುರುಸೊತ್ತಿಲ್ಲೇನ ನಿನಗ? ಉಣ್ಣದ ಬಿಡ್ತೀನೇನು, ಹೊಟ್ಟಿ ಹಸದೈತಿ!"

ಅವಳು ಎರಡನೇ ಸಲ ಅನ್ನ ಕೇಳಿದಾಗ ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದೆ.

ಕುರುಗೋಡಿಗೆ ಹೋಗಲಿಲ್ಲ. ಈಗಲೂ ಮಗಳು ಬಾಗಿಲ ಕಡೆ ಎದ್ದಾಗ ನಾನು ಕೇಳುವುದು ಒಂದೇ: "ಉಣ್ಣೋರೇನವ್ವ?"

ಇಲ್ಲಿಯತನಕ "ಹೂಂ" ಅಂದಿದ್ದಾಳೆ.