ಕುಂಕುಮ ಹಚ್ಚಿದ ಕೆಂಪು ಹಲಗೆ

ಉಡುಮಲೈಪೇಟೆಯ ಹೊರಗಿನ ನೂಲಿನ ಗಿರಣಿ ವರ್ಷಕ್ಕೆ ಒಂದೇ ದಿನ ಪೂರ್ತಿ ನಿಲ್ಲುತ್ತದೆ, ಆಯುಧಪೂಜೆಯ ದಿನ. ಆ ಮೌನ ಪೂಂಗೊಡಿಗೆ ಆಗುವುದಿಲ್ಲ. ಯಂತ್ರಗಳ ಮೊರೆತದಲ್ಲಿ ಮುಚ್ಚಿಹೋಗುವ ಒಂದು ಉಸಿರು ಅವತ್ತು ಬೆನ್ನ ಹಿಂದೆಯೇ ಕೇಳಿಸುತ್ತದೆ. ಹದಿನಾಲ್ಕು ವರ್ಷಗಳ ಹಿಂದೆ ಇದೇ ದಿನ, ಗಾಳಿಗೆ ತೇವ ಕೊಡುವ ಯಂತ್ರದ ಪ್ಯಾನೆಲ್ಲಿನೊಳಗೆ ಕೈಯಿಟ್ಟು ರಿಪೇರಿ ಮಾಡುತ್ತಿದ್ದ ಅವಳ ಗಂಡ ಸಡೆಯಪ್ಪನ್ ಕರೆಂಟು ಹೊಡೆದು ಸತ್ತಿದ್ದ.

ಒಳಗೆ ಕೆಲಸ ನಡೆದಿದೆಯೆಂದು ಎಚ್ಚರಿಸುವ ಕೆಂಪು ಹಲಗೆಯನ್ನು ಹೊರಗಿನ ಮೇನ್ ಸ್ವಿಚ್ಚಿಗೆ ಕಟ್ಟಲು ಅವನೇ ಮರೆತ ಎಂದು ವಿಚಾರಣೆಯಲ್ಲಿ ಬರೆದರು. ಅವನು ಮರೆತಿರಲಿಲ್ಲ. ಹಲಗೆಯನ್ನು ಬಿಚ್ಚಿದವಳು ಪೂಂಗೊಡಿ.

ಆಗ ಅವಳು ಅಲ್ಲಿ ಗುಡಿಸುವವಳು. ಬೆಳಗಿನ ಜಾವ ಎದ್ದು ಮನೆಯ ಅಡುಗೆ, ಪಾತ್ರೆ, ಅತ್ತೆಯ ಬಿಸಿನೀರು ಮುಗಿಸಿ, ಗಿರಣಿಯ ಪೂಜೆಗೆ ಎರಡು ಕೊಳಗ ಕಡಲೆ ಬೇಯಿಸಿ ಹೊತ್ತು ತಂದಿದ್ದಳು. "ಒಂದು ಸ್ಪ್ಯಾನರ್ ಕೂಡ ಕುಂಕುಮ ಇಲ್ದೆ ಉಳೀಬಾರ್ದು ಅಮ್ಮಿಣಿ, ಎಲ್ಲಾ ತಂದು ಸಾಲಾಗಿ ಜೋಡ್ಸು" ಎಂದಿದ್ದ ಮೇಲ್ವಿಚಾರಕ ನಾಚಿಮುತ್ತು; ಆ ಕಡೆ ಹೆಣ್ಣುಮಕ್ಕಳನ್ನೆಲ್ಲ ಕರೆಯುವುದೇ ಹಾಗೆ, ಅಮ್ಮಿಣಿ ಎಂದು. ಅವಳು ಎಲ್ಲವನ್ನೂ ತಂದಳು. ಸ್ವಿಚ್ಚಿನ ಹಿಡಿಗೆ ನೇತಾಡುತ್ತಿದ್ದ ಹಲಗೆಯ ಮೇಲೆ ಧೂಳು ಕೂತಿತ್ತು. ಅದು ಅಲ್ಲಿ ಯಾಕಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಬಿಚ್ಚಿ, ಸೆರಗಿನಲ್ಲಿ ಒರೆಸಿ, ಗಂಧ ಕುಂಕುಮ ಇಟ್ಟು, ಸುತ್ತಿಗೆ ಇಕ್ಕಳಗಳ ನಡುವೆ ಮಲಗಿಸಿದಳು. ಒಳ್ಳೆಯ ಮುಹೂರ್ತದಲ್ಲಿ, ಶಾಸ್ತ್ರಕ್ಕೆ ಒಂದು ಸುತ್ತು ತಿರುಗಿಸಲು ನಾಚಿಮುತ್ತು ಸ್ವಿಚ್ ಎತ್ತಿದ. ಮೋಟರು ಗುಂಯ್ ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದ್ದಳು.

ವಿಚಾರಣೆಗೆ ಬಂದವರು ಎಲ್ಲರನ್ನೂ ಕೇಳಿದರು, ಅವಳೊಬ್ಬಳನ್ನು ಬಿಟ್ಟು. ಪೊರಕೆ ಹಿಡಿದ ಕೈ ಬೇರೇನಾದರೂ ಮಾಡಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಗಂಡನ ಕೆಲಸವನ್ನು ಅವಳಿಗೇ ಕೊಟ್ಟರು. ಎರಡು ವರ್ಷ ಐಟಿಐಗೆ ಹೋಗಿ ಕಲಿತು ಬಂದಳು. ಗಟ್ಟಿಗಿತ್ತಿ ಎಂದರು ಜನ. ಅತ್ತೆ ಪಾವಾಯಿ ಮಾತ್ರ ತಟ್ಟೆಯ ಮುಂದೆ ಕೂತಾಗಲೆಲ್ಲ, "ಒಂದು ಹಲಗೆ ಕಟ್ಟೋಕಾಗ್ಲಿಲ್ವಲ್ಲ ನನ್ನ ಮಗನಿಗೆ, ಮರೆಗುಳಿ" ಎಂದು ಸತ್ತ ಮಗನನ್ನೇ ಬೈಯುತ್ತಿದ್ದಳು. ಪೂಂಗೊಡಿ ಬಾಯಿ ಬಿಡದೆ ಸಾರು ಬಡಿಸುತ್ತಿದ್ದಳು. ಹೀಗೆ ಹದಿನಾಲ್ಕು ವರ್ಷ.

ಈ ಸಲ ಅದೇ ಪ್ಯಾನೆಲ್ಲಿಗೆ ಹೊಸದೊಂದು ಮಾಡ್ಯೂಲ್ ಬಂದಿತ್ತು. ಯಂತ್ರದ ಬಿಸಿ ಎಷ್ಟು, ತೇವ ಎಷ್ಟು ಎಂಬುದನ್ನೆಲ್ಲ ನೆಟ್‌ವರ್ಕಿನ ತಂತಿಯಲ್ಲಿ ಆಫೀಸಿನ ಕಂಪ್ಯೂಟರಿಗೆ ಮುಟ್ಟಿಸುವಂಥದ್ದು. ಅಂಗೈಯಷ್ಟೇ ಇದೆ. ಯಂತ್ರ ನಿಂತ ದಿನವೇ ಕೂರಿಸಬೇಕು. ಪೂಂಗೊಡಿ ಮೇನ್ ಸ್ವಿಚ್ ಇಳಿಸಿ, ತನ್ನ ಬೀಗ ಜಡಿದು, ಕೀಲಿಯನ್ನು ತಾಳಿಯಿಲ್ಲದ ಕೊರಳಿನ ದಾರಕ್ಕೆ ಪೋಣಿಸಿಕೊಂಡಳು. ಗೋಡೆಯ ಆಚೆಗಿನ ಕೋಣೆಗೆ ಹೋಗಿ ಪ್ಯಾನೆಲ್ಲಿನ ಬಾಗಿಲು ತೆರೆದಳು. ಟೆಸ್ಟರನ್ನು ಮೊದಲು ಕರೆಂಟು ಇರುವ ಕಡೆ ಹಿಡಿದು ಅದು ಸರಿಯಿದೆಯೇ ನೋಡಿ, ಆಮೇಲೆ ಪ್ಯಾನೆಲ್ಲಿನ ಒಂದೊಂದು ತಂತಿಗೂ ಹಿಡಿದು, ಮತ್ತೆ ಕರೆಂಟಿನ ಕಡೆ ಹಿಡಿದಳು. ಪ್ಯಾನೆಲ್ ಸತ್ತಿತ್ತು.

"ಇನ್ನೊಂದ್ಸಲ ನೋಡು" ಎಂದಿತು ಬೆನ್ನ ಹಿಂದಿನ ಉಸಿರು.

"ನೋಡ್ದೆ ಕಣ್ರೀ" ಎಂದಳು ಪೂಂಗೊಡಿ, ತಿರುಗದೆ.

ಮೈಯಲ್ಲಿನ ಸಣ್ಣ ಕರೆಂಟು ಕೂಡ ಮಾಡ್ಯೂಲನ್ನು ಕೊಲ್ಲುತ್ತದೆಂದು ಅದನ್ನು ನೆಲಕ್ಕಿಳಿಸುವ ಅರ್ತಿಂಗ್ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿ, ಅಂಚು ಹಿಡಿದು ಎತ್ತಿದಳು. ಅರ್ಧ ಕೂರಿಸುವಷ್ಟರಲ್ಲಿ ಹೊರಗಿನಿಂದ ಕರೆ ಬಂತು. ಪೂಜೆಗೆಂದು ನೆಲ ಒರೆಸಲು ಒದ್ದೆ ಬಟ್ಟೆ ಹಿಡಿದು ಗುಡಿಸುವ ರಾಕ್ಕಮ್ಮ ಆಗಷ್ಟೇ ಒಳಗೆ ಬಂದಿದ್ದಳು. "ಪೆಟ್ಟಿಗೆ ಹತ್ರ ಹೋಗ್ಬೇಡ ಅಕ್ಕಾ" ಎಂದು ಹೇಳಿ ಪೂಂಗೊಡಿ ಹೊರಗೆ ಬಂದಳು.

ಮೇನ್ ಸ್ವಿಚ್ಚಿನ ಮುಂದೆ ಬೂದುಗುಂಬಳಕಾಯಿ, ಮಂಡಕ್ಕಿ, ಕರ್ಪೂರ. ಕೆಲಸಗಾರರ ಮನೆಯವರೆಲ್ಲ ಬಂದಿದ್ದರು. ಮುಂದಿನ ಸಾಲಿನಲ್ಲೇ ಪಾವಾಯಿ ಕೂತಿದ್ದಳು.

"ಮುಹೂರ್ತ ಬಂತು ಅಮ್ಮಿಣಿ, ಕೀಲಿ ಕೊಡು" ಎಂದ ನಾಚಿಮುತ್ತು. ತಲೆ ನರೆತಿತ್ತು, ಗತ್ತು ನರೆತಿರಲಿಲ್ಲ. "ಒಂದು ಸುತ್ತು ತಿರುಗ್ಸಿ ನಿಲ್ಲಿಸ್ತೀನಿ."

"ಕೆಲಸ ಮುಗಿದಿಲ್ಲ ಅಣ್ಣಾ. ತಂತಿ ಬಿಚ್ಚಿದೆ."

"ಆ ಬೀಗಾನೂ ಆಯುಧಾನೇ. ಅದಕ್ಕೂ ಒಂದು ಬೊಟ್ಟು ಇಡೋಣ ಕೊಡಮ್ಮ" ಎಂದ ಹಿಂದಿನಿಂದ ಒಬ್ಬ. ನಾಲ್ಕು ಜನ ನಕ್ಕರು.

"ನೀನಿಲ್ಲೇ ಇದ್ದೀಯಲ್ಲ, ಒಳಗೆ ಯಾರಿದ್ದಾರೆ?" ಎಂದ ನಾಚಿಮುತ್ತು.

"ರಾಕ್ಕಮ್ಮ ಇದ್ದಾಳೆ."

"ಅಯ್ಯ, ಅವಳು ಗುಡಿಸೋಳು ತಾನೇ! ಪ್ಯಾನೆಲ್ ಯಾಕೆ ಮುಟ್ತಾಳೆ? ಕೊಡು, ಹೊತ್ತು ಮೀರ್ತಿದೆ. ನಿನ್ನ ಗಂಡನ ಮರೆವಿಗೆ ಎಲ್ಲರೂ ಇನ್ನೆಷ್ಟು ವರ್ಷ ಹೆದರ್ಬೇಕು?"

ಪೂಂಗೊಡಿಯ ಕೈ ಕೊರಳಿನ ದಾರವನ್ನು ಬಿಗಿಯಾಗಿ ಹಿಡಿಯಿತು. ಕೀಲಿ ಕೊಟ್ಟರೆ ಒಳಗಿರುವವಳ ಜೀವ. ಕೊಡದಿರಲು ಕಾರಣ ಹೇಳಿದರೆ ತನ್ನ ಮನೆ, ಮುಖ, ಹದಿನಾಲ್ಕು ವರ್ಷ. ಬೆನ್ನ ಹಿಂದೆ ಉಸಿರು ನಿಂತಿತ್ತು, ಕಿವಿಗೊಟ್ಟವರ ಉಸಿರು ನಿಲ್ಲುವ ಹಾಗೆ.

"ಅವರು ಮರೆತಿರ್ಲಿಲ್ಲ ಅಣ್ಣಾ" ಎಂದಳು. "ಹಲಗೆ ಕಟ್ಟಿದ್ರು. ನಾನೇ ಬಿಚ್ಚಿದ್ದು. ಎಲ್ಲದಕ್ಕೂ ಕುಂಕುಮ ಇಡು ಅಂದ್ರಲ್ಲ ನೀವು, ಅದಕ್ಕೂ ಇಟ್ಟೆ. ನಾನೂ ಗುಡಿಸೋಳು ತಾನೇ ಆಗ. ಗುಡಿಸೋಳು ಏನೇನು ಮುಟ್ತಾಳೆ ಅಂತ ನಿಮಗೇನು ಗೊತ್ತು?"

ಕರ್ಪೂರ ಉರಿಯುತ್ತಿತ್ತು. ನಾಚಿಮುತ್ತುವಿನ ಚಾಚಿದ ಕೈ ಹಾಗೇ ಗಾಳಿಯಲ್ಲಿತ್ತು.

ಪಾವಾಯಿ ನೆಲಕ್ಕೆ ಕೈಯೂರಿ ಎದ್ದಳು. ಮಂಡಿ ನೋವಿನವಳು, ಹೊತ್ತು ಹಿಡಿಯಿತು. ಸೊಸೆಯ ಎದುರಿಗೆ ಬಂದು ನಿಂತಳು.

"ಕಟ್ಟಿದ್ನಾ ಅವನು?"

"ಕಟ್ಟಿದ್ರು ಅತ್ತೆ. ಎರಡು ಗಂಟು ಹಾಕಿದ್ರು. ಬಿಚ್ಚೋಕೆ ನಂಗೆ ಕಷ್ಟ ಆಯ್ತು."

ಹೊಡೆಯುತ್ತಾಳೆಂದುಕೊಂಡಳು ಪೂಂಗೊಡಿ. ಹೊಡೆಯಲಿ ಎಂದೂ ಅಂದುಕೊಂಡಳು. ಪಾವಾಯಿ ಅವಳನ್ನು ದಾಟಿ ಹೋಗಿ, ಕುಂಬಳಕಾಯಿಯನ್ನು ಕಾಲಿನಿಂದ ಬದಿಗೆ ಸರಿಸಿ, ಮೇನ್ ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಬೀಗ ಅವಳ ತಲೆಗೆ ತಾಗುತ್ತಿತ್ತು.

"ಹೋಗು, ಕೆಲಸ ಮುಗ್ಸು" ಎಂದಳು, ಸೊಸೆಯ ಮುಖ ನೋಡದೆ. "ಮಿಕ್ಕಿದ್ದು ಮನೇಲಿ ಮಾತಾಡೋಣ."