ಬಾವುಟ ಹಿಡಿದ ಕೂಸು

ಬೆಟಗೇರಿಯ ನಮ್ಮ ಓಣಿಯಲ್ಲಿ ಕೊಟ್ರಪ್ಪ ಕಾಕಾ ಕೂಸುಗಳ ಫೋಟೋ ತೆಗೆಯುತ್ತಿದ್ದರು. ಮದುವೆ, ಮೆರವಣಿಗೆಗಳನ್ನೆಲ್ಲ ಗದಗಿನ ಪೇಟೆಯವರಿಗೆ ಬಿಟ್ಟುಕೊಟ್ಟು, ವರ್ಷದೊಳಗಿನ ಕೂಸುಗಳನ್ನಷ್ಟೇ ಹಿಡಿದು ಕೂತಿದ್ದರು. ಮಕ್ಕಳೆಂದರೆ ಅವರಿಗೆ ಬಲು ಪ್ರೀತಿ ಅಂತ ಊರವರು ತಿಳಿದಿದ್ದರು. ಹಾಗೇನೂ ಇರಲಿಲ್ಲ. ಕಾರಣ ಕೇಳಿದರೆ ಅವರೇ ಹೇಳುತ್ತಿದ್ದರು: "ದೊಡ್ಡವರು ಫೋಟೋ ನೋಡಿ, ನನ್ನ ಮೂಗು ಹಿಂಗಿಲ್ಲ ಅಂತ ಜಗಳಾ ತೆಗೀತಾರ. ಕೂಸು ತೆಗೆಯಂಗಿಲ್ಲ."

ಸ್ಟುಡಿಯೋ ಅಂದರೆ ಬಡಗು ದಿಕ್ಕಿಗೆ ದೊಡ್ಡ ಗಾಜಿನ ಕಿಟಕಿ ಇದ್ದ ಒಂದೇ ಕೋಣೆ. ಗೋಡೆಯಾಚೆ ಮೂಕಪ್ಪನ ಮಗ್ಗ. ಅವನು ಮಗ್ಗ ಬಡಿದರೆ ಈಚೆ ಕ್ಯಾಮೆರಾದ ಕಾಲುಗಳು ನಡುಗುತ್ತಿದ್ದವು. ಹೀಗಾಗಿ ಕೂಸು ಸ್ವಲ್ಪ ಸುಮ್ಮನಾದ ಕೂಡಲೇ ಕಾಕಾ ಗೋಡೆಗೆ ಗುದ್ದಿ, "ಮೂಕಪ್ಪಾ, ಕೈ ಹಿಡಿಯೋ!" ಅಂತ ಕೂಗುತ್ತಿದ್ದರು. ಮಗ್ಗ ನಿಲ್ಲುತ್ತಿತ್ತು. ಕೂಗಿಗೆ ಬೆದರಿ ಕೂಸು ಮತ್ತೆ ಅಳುತ್ತಿತ್ತು. ನನ್ನದೂ ಅಲ್ಲೇ ತೆಗೆದ ಫೋಟೋ; ಅದರಲ್ಲಿ ಬಾಯಿ ಬಿಟ್ಟು ಅಳುತ್ತಿದ್ದೇನೆ.

ಕತ್ತು ನಿಲ್ಲದ ಕೂಸನ್ನು ಕೂಡ್ರಿಸುವುದಕ್ಕೆ ಕಾಕಾ ಒಂದು ದಾರಿ ಕಂಡುಕೊಂಡಿದ್ದರು. ತಾಯಿಯನ್ನು ಕುರ್ಚಿಯ ಮೇಲೆ ಕೂಡ್ರಿಸಿ, ತಲೆಯಿಂದ ಪಾದದವರೆಗೆ ಕರಿ ಕಂಬಳಿ ಹೊದಿಸಿ, ತೊಡೆಯ ಮೇಲೆ ಕೂಸನ್ನು ಇಡುವುದು. ತಾಯಿ ಕಂಬಳಿಯ ಒಳಗಿಂದಲೇ ಕೂಸನ್ನು ಹಿಡಿದಿರಬೇಕು. ಫೋಟೋದಲ್ಲಿ ಕತ್ತಲೆಯ ಮುಂದೆ ಕೂಸು ತಾನೇ ಕೂತಂತೆ ಕಾಣುತ್ತಿತ್ತು. ಇದು ಅತ್ತೆಯಂದಿರಿಗೆ ಬಹಳ ಹಿಡಿಸಿತು. ಬಾಣಂತಿಗೆ ದೃಷ್ಟಿಯಾಗುವುದಿಲ್ಲ, ಸೊಸೆಯ ಮುಖ ಪರಗಂಡಸಿನ ಪೆಟ್ಟಿಗೆಗೆ ಬೀಳುವುದಿಲ್ಲ. ಅಕಸ್ಮಾತ್ ತಾಯಿಯ ಬೆರಳೋ ಬಳೆಯೋ ಹೊರಗೆ ಬಂದರೆ, ಬಿಳಿ ಕಪ್ಪಾಗಿ, ಕಪ್ಪು ಬಿಳಿಯಾಗಿ ಚಿತ್ರ ಮೂಡಿದ ಗಾಜಿನ ಪ್ಲೇಟನ್ನು ಕಾಕಾ ಕಿಟಕಿಗೆ ಹಿಡಿದು, ಸಣ್ಣ ಚಾಕುವಿನಿಂದ ಅಷ್ಟನ್ನೇ ಕೆರೆಯುತ್ತಿದ್ದರು. ಪ್ಲೇಟಿನಲ್ಲಿ ಕೆರೆದ ಜಾಗ ಫೋಟೋದಲ್ಲಿ ಕಪ್ಪಾಗಿ ಕಂಬಳಿಯೊಳಗೆ ಸೇರಿಹೋಗುತ್ತಿತ್ತು. ಬಿಳಿ ಬೇಕಾದಲ್ಲಿ ಪೆನ್ಸಿಲ್ ಹಚ್ಚುತ್ತಿದ್ದರು. ಆ ಚಾಕು ಪೆನ್ಸಿಲ್ಲುಗಳ ಕೆಲಸದಲ್ಲಿ ಅವರನ್ನು ಮೀರಿಸುವವರು ಧಾರವಾಡದವರೆಗೆ ಇರಲಿಲ್ಲ, ಇದು ಅವರದೇ ಮಾತು.

ಸ್ವಾತಂತ್ರ್ಯ ಬಂದ ಶ್ರಾವಣದಲ್ಲಿ ಹಿರೇಹಂದಿಗೋಳದ ತಿರಕಪ್ಪ ಹೆಂಡತಿ ಹನಮಂತವ್ವನನ್ನೂ ಮೂರು ತಿಂಗಳ ಮಗಳು ದೇವವ್ವನನ್ನೂ ಕರೆದುಕೊಂಡು ಬಂದ. ಮಗಳ ಕೈಯಲ್ಲಿ ಕಾಗದದ ಬಾವುಟ ಇರಬೇಕು ಅಂತ ಅವನ ಹಟ. ಹನಮಂತವ್ವ ಮೂಗಿನವರೆಗೆ ಸೆರಗು ಎಳೆದುಕೊಂಡೇ ಒಳಗೆ ಬಂದಳು, ಹಾಗೆಯೇ ಕಂಬಳಿಯೊಳಗೆ ಹೋದಳು. ಕೂಸು ಮೂರು ಸಲ ಬಾವುಟ ಒಗೆಯಿತು. ನಾಲ್ಕನೆಯ ಸಲ ಕಂಬಳಿಯ ಒಳಗಿಂದ ಒಂದು ಕೈ ಹೊರಬಂದು, ಕೂಸಿನ ಮುಷ್ಟಿಯನ್ನೂ ಬಾವುಟದ ಕಡ್ಡಿಯನ್ನೂ ಕೂಡಿಸಿ ಹಿಡಿಯಿತು. ಒಳಗೆ ಆಕೆಗೆ ನಗು ಬಂದಿರಬೇಕು, ಕಂಬಳಿ ಕುಲುಕಿತು.

"ನಗಬ್ಯಾಡವಾ ತಂಗೀ, ಕೂಸು ಅಳ್ಳಾಡತೈತಿ," ಎಂದರು ಕಾಕಾ. ಗೋಡೆಗೆ ಗುದ್ದಿ ಮಗ್ಗ ನಿಲ್ಲಿಸಿ, ಕ್ಯಾಮೆರಾದ ಮುಚ್ಚಳ ತೆಗೆದು, ಎರಡೆಣಿಸಿ ಮುಚ್ಚಿದರು.

ಆ ಕೈಯನ್ನು ಕೆರೆಯುವುದಕ್ಕೆ ಅವರಿಗೆ ಮೂರು ದಿನ ಹಿಡಿಯಿತು. ಕಂಬಳಿಯ ಮೇಲಿದ್ದ ಮುಂಗೈಯೇನೋ ಸುಲಭವಾಗಿ ಹೋಯಿತು. ಕೂಸಿನ ಮುಷ್ಟಿಗೆ ಅಂಟಿದ್ದ ಬೆರಳುಗಳನ್ನು ಭೂತಗನ್ನಡಿ ಇಟ್ಟುಕೊಂಡು ಒಂದೊಂದಾಗಿ ತೆಗೆಯಬೇಕಾಯಿತು. ಕಿರಿಬೆರಳೊಂದಂತೂ ಅವರನ್ನು ಒಂದು ದಿನ ಪೂರ್ತಿ ಸತಾಯಿಸಿತು. ಕೊನೆಗೆ ಮೂರು ತಿಂಗಳ ಕೂಸು ತಾನೇ ಬಾವುಟ ಎತ್ತಿ ಹಿಡಿದ ಫೋಟೋ ತಯಾರಾಯಿತು.

ಅದರಿಂದಲೇ ಕಾಕಾ ಹೆಸರುವಾಸಿಯಾದರು. ಒಂದು ಪ್ರತಿ ಸ್ಟುಡಿಯೋದ ಬಾಗಿಲಲ್ಲಿ ತೂಗಿತು. ಶಿರಹಟ್ಟಿ, ಮುಂಡರಗಿಗಳಿಂದ ಜನ ಬಂದು, "ನಮ್ಮ ಕೂಸಿಂದೂ ಹಂಗ ತಗೀರಿ," ಎಂದು ಗಂಟುಬಿದ್ದರು. ಲಕ್ಷ್ಮೇಶ್ವರ ಇನ್ನೂ ಸಂಸ್ಥಾನಿಕರ ಕೈಯಲ್ಲಿತ್ತು. ಅಲ್ಲಿನವರು ಕೂಸಿನ ಕೈಗೆ ಬಾವುಟ ಕೊಡಿಸಲು ನಮ್ಮ ಬೆಟಗೇರಿಗೆ ಬಂದರು. ಹಳೆಯ ಪ್ಲೇಟುಗಳನ್ನು ಕಾಕಾ ತೊಳೆದು ಫೋಟೋದ ಚೌಕಟ್ಟಿಗೆ ಗಾಜು ಮಾಡುತ್ತಿದ್ದರು. ದೇವವ್ವನ ಈ ಪ್ಲೇಟೊಂದನ್ನು ಮಾತ್ರ ಬಟ್ಟೆ ಸುತ್ತಿ ಸಂದೂಕದಲ್ಲಿಟ್ಟರು.

ಒಂಬತ್ತು ವರ್ಷದ ಮೇಲೆ, ಕನ್ನಡ ಸೀಮೆಗಳೆಲ್ಲ ಒಂದಾದ ತಿಂಗಳು, ತಿರಕಪ್ಪ ಮತ್ತೆ ಬಂದ. ಜೊತೆಗೆ ದೇವವ್ವ ಇದ್ದಳು. ಮತ್ತೆ ಬಾವುಟ ಹಿಡಿಯಲು ಬಂದಳೇನೋ ಎಂದು ಕಾಕಾ ನಕ್ಕರು. ತಿರಕಪ್ಪ ನಗಲಿಲ್ಲ.

"ಅಣ್ಣಾರ, ಈಕಿ ಅವ್ವ ತೀರಿಕೊಂಡು ಏಳು ವರ್ಷ ಆತು. ನಾ ಮತ್ತೊಂದು ಲಗ್ನಾ ಮಾಡಿಕೊಂಡೆ. ಈಗ ಮನ್ಯಾಗ ಮೂರು ತಿಂಗಳ ಕೂಸೈತಿ. ಅದನ್ನ ನೋಡಿದಾಗಿಂದ ಈಕಿದು ಒಂದ ಮಾತು."

ದೇವವ್ವ ತಾನೇ ಹೇಳಿದಳು: "ಮೂರು ತಿಂಗಳ ಕೂಸು ಕುಂಡ್ರೂದಿಲ್ಲ ಕಾಕಾ. ಝಂಡಾನೂ ಹಿಡಿಯೂದಿಲ್ಲ. ನನ್ನ ಯಾರು ಹಿಡಕೊಂಡಿದ್ರು?"

ಅಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಬೇಕಿರಲಿಲ್ಲ.

"ನಿಮ್ಮವ್ವ," ಎಂದರು ಕಾಕಾ.

"ಆಕಿದು ಬ್ಯಾರೆ ಫೋಟೋ ಇಲ್ರಿ," ಎಂದ ತಿರಕಪ್ಪ. "ಇದರಾಗ ಎಲ್ಲೆರ ಆಕಿ ಮಾರಿ ಐತೇನ್ರಿ? ಇಲ್ಲಾಂದ್ರ ನೀವ ಒಂದು ಮಾರಿ ಬರದು ಕೊಡ್ರಿ. ನಿಮ್ಮ ಕೈಯಾಗ ಆಗದ್ದೇನೈತಿ?"

ಕಾಕಾ ಪ್ಲೇಟು ತೆಗೆದು ಕಿಟಕಿಗೆ ಹಿಡಿದರು. ಕಂಬಳಿ ಇತ್ತು, ಅದರೊಳಗೆ ಕೂಸಿನ ಕಡೆ ಬಾಗಿದ ಒಂದು ತಲೆಯ ಆಕಾರ ಇತ್ತು, ಮುಖ ಇರಲಿಲ್ಲ. ಕೈ ಇದ್ದಲ್ಲಿ ಚಾಕು ಆಡಿದ ನುಣುಪು ಗಾಜು. ಹೆಮ್ಮೆಯಿಂದ ಮಾಡಿದ ಕೆಲಸಕ್ಕೆ ಅಂದು ಅವರಿಗೆ ನಾಚಿಕೆಯಾಯಿತು. ಇದನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ.

"ಮಾರಿ ಬರಿಯಾಕಾಗೂದಿಲ್ಲ ತಿರಕಪ್ಪ. ಆಕಿ ಮಾರಿ ನಾ ನೋಡೇ ಇಲ್ಲ. ಸುಳ್ಳು ಮಾರಿ ಬರದು ಕೊಟ್ರ ಈ ಹುಡುಗಿ ಯಾರನ್ನೋ ಅವ್ವಾ ಅಂದಂಗಾಗತೈತಿ. ನಾ ನೋಡಿದ್ದು ಕೈ ಒಂದ. ಎಂಟು ದಿನ ಬಿಟ್ಟು ಬರ್ರಿ."

ಆ ಎಂಟು ದಿನ ಬಾವುಟ, ರುಮಾಲು ಹೊತ್ತು ಬಂದ ಕೂಸುಗಳೆಲ್ಲ ಹಾಗೆಯೇ ವಾಪಸು ಹೋದವು. ಕಾಕಾ ಪೆನ್ಸಿಲ್ ಚೂಪು ಮಾಡಿಕೊಂಡು, ಕೆರೆದ ಜಾಗಕ್ಕೆ ವಾರ್ನಿಶ್ ಬಳಿದು, ಅದರ ಮೇಲೆ ಕೈಯನ್ನು ಮತ್ತೆ ತರುತ್ತಿದ್ದರು. ಅವರ ಹೆಂಡತಿ ಶೇಖವ್ವ ಕಾಕು ಪಾಪ, ಒಂದು ಕಡ್ಡಿ ಹಿಡಿದು ಮುಂದೆ ಕೂತರಂತೆ: "ನನ್ನ ಕೈ ನೋಡಿ ಬರೀರಿ, ಹೆಂಗಸರ ಕೈ ಎಲ್ಲಾ ಒಂದ."

"ಒಂದಲ್ಲ. ನೀ ಏಳು," ಎಂದರಂತೆ ಕಾಕಾ. ಮೂರು ದಿನ ಭೂತಗನ್ನಡಿಯಲ್ಲಿ ನೋಡುತ್ತ ಕೆರೆದ ಕೈ ಅದು. ಯಾವ ಬೆರಳು ಎಲ್ಲಿ ಮುಗಿಯುತ್ತದೆ ಅಂತ ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ.

ಹೇಳಿದ ದಿನ ತಂದೆ ಮಗಳು ಬಂದರು. ತಾಯಿಯ ಆಕಾರ ಕಾಣದಂತೆ ಯಾವಾಗಲೂ ಕತ್ತರಿಸುತ್ತಿದ್ದ ಅಂಚನ್ನು ಹಾಗೆಯೇ ಬಿಟ್ಟು, ಪೂರ್ತಿ ಫೋಟೋವನ್ನು ಕಾಕಾ ಮೊದಲ ಸಲ ಹೊರಗೆ ಕೊಟ್ಟರು. ಬಾಗಿದ ಕಂಬಳಿ, ಅದರ ಮುಂದೆ ಕೂಸು. ಕೂಸಿನ ಮುಷ್ಟಿಯ ಮೇಲೆ ನಾಲ್ಕು ಬಳೆಯ, ಮುಂಗೈಗೆ ಹಚ್ಚೆಯಿದ್ದ ಒಂದು ಕೈ. ಕಿರಿಬೆರಳು ಮಾತ್ರ ಉಳಿದವುಗಳ ಜೊತೆ ಸೇರದೆ, ನಡುವೆ ಮುರಿದು ಕೂಡಿದಂತೆ ಹೊರಗೆ ಸೊಟ್ಟಗಿತ್ತು.

ತಿರಕಪ್ಪ ಬಹಳ ಹೊತ್ತು ನೋಡಿದ. ತಪ್ಪು ಬರೆದೆನೋ ಏನೋ ಎಂದು ಕಾಕಾಗೆ ಭಯವಾಯಿತು.

"ಬೆರಳು ಸೊಟ್ಟ ಇತ್ತಲ್ಲ?" ಎಂದು ಕೇಳಿದರು.

"ಇತ್ರಿ. ಸಣ್ಣಾಕಿದ್ದಾಗ ಗಾಣದಾಗ ಸಿಕ್ಕಿತ್ತಂತ." ತಿರಕಪ್ಪ ಫೋಟೋವನ್ನು ಮಗಳ ಕೈಗೆ ಕೊಟ್ಟ. "ಮೂರು ವರ್ಷ ಆ ಕೈಲೆ ಉಂಡೀನ್ರಿ ಅಣ್ಣಾರ. ನಾ ಮರತಬಿಟ್ಟಿದ್ನಿ."

ಗೋಡೆಯಾಚೆ ಮಗ್ಗ ನಡೆದಿತ್ತು. ದೇವವ್ವ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಬಲಗೈಯನ್ನು ಅದರ ಪಕ್ಕ ಚಾಚಿ, ಕಿರಿಬೆರಳನ್ನು ಸೊಟ್ಟ ಮಾಡಲು ನೋಡಿದಳು. ಬಿಟ್ಟ ಕೂಡಲೇ ಅದು ನೆಟ್ಟಗಾಗುತ್ತಿತ್ತು. ಮತ್ತೆ ಮಡಚಿದಳು.

"ಅಪ್ಪಾ, ನಂದು ನೆಟ್ಟಗ ಐತಿ," ಎಂದಳು.