ಖಾಲಿ ಅಂದುಕೊಂಡ ಅಳಿವೆ

ರಾಜಘಟ್ಟದ ರಾಗಿ ಹೊಲಗಳ ನಡುವೆ ಬೆಳೆದ ಪ್ರಮೋದಾ ಮೂವತ್ತು ದಾಟುವವರೆಗೂ ಸಮುದ್ರವನ್ನು ಕಣ್ಣಾರೆ ಕಂಡಿರಲಿಲ್ಲ. ಆದರೂ ದೇವನಹಳ್ಳಿಯ ಆಫೀಸಿನಲ್ಲಿ ಅವಳ ಕೆಲಸವೆಲ್ಲ ಸಮುದ್ರದ್ದೇ. ಹಡಗಿನಿಂದ ವಿಷ ಸೋರಿದರೆ ಅದು ಯಾವ ದಡ ಸೇರುತ್ತದೆ, ಯಾರಿಗೆ ಎಷ್ಟು ಹಾನಿಯಾಗುತ್ತದೆ ಎಂದು ಅವಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದಳು.

ಆ ಮೇ ತಿಂಗಳಲ್ಲಿ ರಾಸಾಯನಿಕದ ಪೀಪಾಯಿಗಳಿದ್ದ ಹಡಗೊಂದು ಮುಳುಗಿತು. ನದಿಯೊಂದು ಸಮುದ್ರ ಸೇರುವ ಅಳಿವೆಗೆ ವಿಷ ನುಗ್ಗುತ್ತದೆ, ಅಲ್ಲಿ ಜನವಸತಿಯಿಲ್ಲ ಎಂದು ಅವಳ ಲೆಕ್ಕ ಹೇಳಿತು. ಅದನ್ನೇ ನಂಬಿ ಅಧಿಕಾರಿಗಳು ಅಲ್ಲಿಗೆ ಕಾವಲು ಹಾಕಲಿಲ್ಲ.

ಹತ್ತು ದಿನದ ಮೇಲೆ ಪ್ರಮೋದಾ ಸ್ಥಳ ನೋಡಲು ಹೋದಾಗ, ಹತ್ತಿರದ ಆಸ್ಪತ್ರೆಯಲ್ಲಿ ಹನ್ನೊಂದು ಹೆಂಗಸರು ಮಲಗಿದ್ದರು. ನೀರಿಳಿದಾಗ ಮೂರು ಮೈಲಿ ನಡೆದು ಬಂದು ಅಳಿವೆಯ ಕೆಸರಿನಲ್ಲಿ ಚಿಪ್ಪು ಹೆಕ್ಕುವವರು. ಮೊಣಕೈವರೆಗೆ ಚರ್ಮ ಸುಲಿದಿತ್ತು. ಹನ್ನೆರಡನೆಯವಳು ಹಿಂದಿನ ದಿನವೇ ತೀರಿಕೊಂಡಿದ್ದಳು. ಪ್ರಮೋದಾಳ ನಕ್ಷೆ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ಮನೆಗಳನ್ನು, ದೋಣಿಗಳನ್ನು ಮಾತ್ರ. ನಡೆದು ಬರುವವರಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ವಾಪಸ್ ಬಂದವಳು ಅವರನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದಳು. ಪರದೆಯ ಮೇಲೆ ಅಳಿವೆಯಿಡೀ ಅಪಾಯದ ಕೆಂಪು ಬಣ್ಣಕ್ಕೆ ತಿರುಗಿತು.

"ರಿಪೋರ್ಟ್ ಹೋಗ್ಬಿಟ್ಟಿದೆ ಕಣಮ್ಮ, ಈಗ್ಯಾಕೆ ಕೆದಕ್ತೀಯಾ?" ಎಂದರು ಮೇಲಧಿಕಾರಿ ಜಯಕುಮಾರ್.

"ತಪ್ಪು ನಂದು ಸಾರ್. ಅದನ್ನ ನಾನೇ ಬರ್ದು ಕಳಿಸ್ತೀನಿ," ಎಂದಳು. ಅಂದೇ ಕಳಿಸಿದಳು.

ಅಳಿವೆಗೆ ಬೇಲಿ ಬಿದ್ದದ್ದು ಮೂರು ವಾರದ ಮೇಲೆ. ಅಷ್ಟರಲ್ಲಿ ಆಸ್ಪತ್ರೆಯಲ್ಲಿದ್ದ ಇನ್ನಿಬ್ಬರು ತೀರಿಕೊಂಡಿದ್ದರು. ಪ್ರಮೋದಾ ಕೆಲಸ ಬಿಡಲಿಲ್ಲ. ಆದರೆ ಈಗ ಯಾವುದೇ ದಡ ಖಾಲಿ ಎಂದು ಕಂಪ್ಯೂಟರು ತೋರಿಸಿದರೆ ಅವಳು ಅಷ್ಟಕ್ಕೇ ಬಿಡುವುದಿಲ್ಲ. ಆ ಕಡೆಯ ಯಾವುದಾದರೂ ಊರಿಗೆ ಫೋನ್ ಮಾಡಿ, ಅಲ್ಲಿಗೆ ಯಾರಾದರೂ ನಡೆದು ಬರುತ್ತಾರೆಯೇ ಎಂದು ವಿಚಾರಿಸುತ್ತಾಳೆ.